ಎಡಕ್ಕೆ ಬಿದ್ದ ಹೂವು

ಹೂವು ಎಡಕ್ಕೆ ಬಿತ್ತು.

ಚಿಕ್ಕಬೋರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೊಸಹೊಳಲಿನ ಹತ್ತಿರದ ಆ ಊರಮ್ಮನ ಗುಡಿಯಲ್ಲಿ, ದೇವಿಯ ಮೇಲಿಟ್ಟ ಹೂವು ಬಲಕ್ಕೆ ಬಿದ್ದರೆ ಬೇಡಿದ್ದು ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ. ಏನು ಬೇಡಿದೆವೆಂದು ಯಾರೂ ಬಾಯಿಬಿಡುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಬೇಡಿದವಳು ಸೊಸೆ ಮೇಘನ. ಗಂಡನ ರಕ್ತಪರೀಕ್ಷೆಯ ಹಿಂದಿನ ದಿನ ಹೆಂಡತಿ ಇನ್ನೇನು ಬೇಡುತ್ತಾಳೆ? ಅತ್ತೆಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೇಘನಳ ಗಂಡ ಸಿದ್ದರಾಜು ಎರಡು ವರ್ಷದಿಂದ ಹಜಾರದಲ್ಲಿ ಮಲಗುತ್ತಿದ್ದ. ಕೇಳಿದರೆ ಸುಸ್ತು ಎನ್ನುತ್ತಿದ್ದ. ಹಾಲು ಕರೆದು ಡೈರಿಗೆ ಹಾಕಿ ಬರುವಷ್ಟರಲ್ಲಿ ಅವನ ಮಾತೆಲ್ಲ ಮುಗಿದುಹೋಗಿರುತ್ತಿತ್ತು. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಊರು ಎಂದಿನಂತೆ ಮೇಘನಳ ಕಡೆಗೇ ಬೆರಳು ತೋರಿಸಿತು. ಊರಿಗೆ ಬೇರೆ ಏನು ಗೊತ್ತು? ಕೊನೆಗೆ ಅವಳೇ ಗಂಡನನ್ನು ಪಾಂಡವಪುರದ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು. ಟೆಸ್ಟೊಸ್ಟಿರಾನ್ ಎಂಬ ಗಂಡಸಿನ ಹಾರ್ಮೋನು ಕಡಿಮೆಯಾದರೂ ಹೀಗೆ ಸುಸ್ತಾಗುತ್ತದೆ, ಆಸೆ ಕುಂದುತ್ತದೆ, ಅದಕ್ಕೆ ಔಷಧಿಯಿದೆ, ಒಂದು ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ ಎಂದು ಅವರು ಚೀಟಿ ಬರೆದರು.

ಚೀಟಿ ನಾಲ್ಕು ತಿಂಗಳು ದೇವರ ಪಟದ ಹಿಂದೆಯೇ ಇತ್ತು. ಗಂಡಸು, ಹೆದರಿದ್ದಾನೆ ಎಂದು ಅತ್ತೆ ಸೊಸೆಗೆ ಸಮಾಧಾನ ಹೇಳಿದಳು.

"ಬ್ಯಾಡ ಬುಡು ಮೇಘನ," ಎಂದಿದ್ದ ಸಿದ್ದರಾಜು, ಕೊಟ್ಟಿಗೆಯಲ್ಲಿ, ಮುಖ ತಿರುಗಿಸಿಕೊಂಡೇ. "ಗೊತ್ತಾಗ್ದೆ ಇದ್ರೆ ಇಂಗೇ ಎಂಗೋ ನಡ್ಕೊಂಡೋಯ್ತದೆ. ಗೊತ್ತಾಗ್ಬುಟ್ರೆ ನಿನ್ ಕೈಲಿ ತಡ್ಕೊಳಕ್ಕಾಗಲ್ಲ."

"ಕಾಯ್ಲೆ ಅಂದ್ರೆ ನಂಗೇನ್ ಭಯ ಇಲ್ಲ ಕಣ್ರೀ. ನಾನ್ ನೋಡ್ಕೊತೀನಿ."

ಅವನು ಹಸುವಿನ ಬೆನ್ನು ಸವರುತ್ತ ನಿಂತ. ಆ ಹಸುವನ್ನು ಕಂಡು ಮೇಘನಳಿಗೆ ಹೊಟ್ಟೆ ಉರಿಯಿತು. ಬಾಳು ಅಲ್ಲಿಗೆ ಬಂದು ನಿಂತಿತ್ತು.

ಅವಳು ಅತ್ತಳು, ಅವನು ಒಪ್ಪಿದ. ಹೂವು ಬಿದ್ದ ಮರುದಿನ ಕೆ.ಆರ್. ಪೇಟೆಯ ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದ. ಆ ದಿನವೆಲ್ಲ ಚಿಕ್ಕಬೋರಮ್ಮ ಒಂದು ತುತ್ತೂ ಮುಟ್ಟಲಿಲ್ಲ. ಎಡಕ್ಕೆ ಬಿದ್ದ ಹೂವು ಅವಳ ಕಣ್ಣಿಂದ ಮರೆಯಾಗಿರಲಿಲ್ಲ.

ಸಂಜೆ ವರದಿ ನೋಡಿದ ಡಾಕ್ಟರೇ ಫೋನ್ ಮಾಡಿದರು. ಟೆಸ್ಟೊಸ್ಟಿರಾನ್ ಸರಿಯಾಗಿಯೇ ಇದೆ, ದೇಹದಲ್ಲಿ ಯಾವ ಕುಂದೂ ಇಲ್ಲ ಎಂದರು.

ಚಿಕ್ಕಬೋರಮ್ಮ ಅಳುತ್ತಲೇ ನಕ್ಕಳು, ಓಡಿಹೋಗಿ ದೀಪ ಹಚ್ಚಿದಳು. "ನೋಡವ್ವ, ಊರಮ್ಮನ ಹೂವೂ ಸುಳ್ಳಾಗೋಯ್ತು," ಎಂದು ಸೊಸೆಯ ಗಲ್ಲ ಹಿಡಿದಳು. ಸಿದ್ದರಾಜು ತಲೆ ಎತ್ತಲಿಲ್ಲ. ಮೇಘನ ಗೋಡೆಗೆ ಒರಗಿ ಮೆಲ್ಲಗೆ ಕುಸಿದು ಕುಳಿತಳು.

ಹೂವು ಸುಳ್ಳಾಗಿರಲಿಲ್ಲ; ಗುಡಿಯಲ್ಲಿ ಕಣ್ಣು ಮುಚ್ಚಿ ಅವಳು ಬೇಡಿದ್ದು ಇಷ್ಟೇ: "ಅವ್ರ್ಗೆ ಕಾಯ್ಲೇನೇ ಇರ್ಲಿ ತಾಯಿ, ನಾನ್ ಅವ್ರ್ಗೆ ಬ್ಯಾಡ್ದೋಳು ಅನ್ನೋದು ಮಾತ್ರ ನಿಜ ಆಗ್ದೆ ಇರ್ಲಿ."