ಹೊಸ್ತಿಲು ದಾಟಿದ ಕೋಳಿ

"ಅಮ್ಮ, ಇದು ಗಂಡೋ ಹೆಣ್ಣೋ ಒಮ್ಮೆ ನೋಡಿ ಹೇಳಿ ಮಾರಾಯ್ರೆ," ಎನ್ನುತ್ತ ಪಕ್ಕದ ಖೋಲಿಯ ರಾಜೀವಿ ಮೂರು ತಿಂಗಳ ಕೋಳಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ಕಾಶವ್ವನ ಬಾಗಿಲಿಗೆ ಬಂದು ನಿಂತಳು. ಭಾನುವಾರದ ಬೆಳಗು. "ಗಂಡಾದರೆ ಇವತ್ತೇ ಸುಕ್ಕ ಮಾಡುವ ಅಂತ ನಮ್ಮವರು ಕತ್ತಿ ಮಸೆಯುತ್ತ ಕೂತಿದ್ದಾರೆ. ಬೈಕುಲ್ಲಾದಿಂದ ನನ್ನ ತಮ್ಮ ಊಟಕ್ಕೆ ಬರ್ತಾನೆ. ಹೆಣ್ಣಾದರೆ ಮೊಟ್ಟೆಗೆ ಇಟ್ಟುಕೊಳ್ಳುವ. ಹೆಣ್ಣೇ ಆಗಲಿ ಅಂತ ನನಗೆ ಆಸೆ. ಸಾಕಿದ ಕೈ ಅಲ್ವಾ?"

ವಡಾಲದ ಆ ಚಾಳಿನಲ್ಲಿ ಇಂಥ ಪ್ರಶ್ನೆಯನ್ನು ಕಾಶವ್ವನನ್ನು ಬಿಟ್ಟು ಬೇರೆ ಯಾರಿಗೆ ಕೇಳಬೇಕು? ವಿಜಾಪುರದ ಕಡೆ ನಾನೂರು ಹೆರಿಗೆ ಮಾಡಿಸಿ ಬಂದ ಸೂಲಗಿತ್ತಿ ಆಕೆ. ಬಸುರಿ ಹೊಸ್ತಿಲು ದಾಟುವಾಗ ಮೊದಲು ಯಾವ ಕಾಲು ಇಡುತ್ತಾಳೆ ಎಂದು ನೋಡಿ, ಹೊಟ್ಟೆಯಲ್ಲಿ ಇರುವುದೇನೆಂದು ಅಲ್ಲೇ ಹೇಳಿಬಿಡುವಳು. ಸೊಸೆ ಶೀಲಾವತಿಗೆ ಈಗ ಏಳು ತಿಂಗಳು. ಅವಳಿಗೂ ಹೇಳಿಯಾಗಿತ್ತು: ಬಲಗಾಲು, ಗಂಡು. ಅಂದಿನಿಂದ ಮಗ ಶಂಕ್ರೆಪ್ಪ, ಕೈ ಬಿಗಿ ಮನುಷ್ಯ, ದಿನಾ ಹಾಲಿನ ಬೂತಿಗೆ ಹೋಗಿ ಹೆಂಡತಿಗೆಂದೇ ಒಂದು ಬಾಟ್ಲಿ ಹಾಲು ತರುತ್ತಿದ್ದ. ಶೀಲಾವತಿ ಕುಡಿಯುತ್ತಿದ್ದಳು, ಕುಡಿದಾಗಲೆಲ್ಲ ಅವಳಿಗೆ ಒಂದೇ ಯೋಚನೆ. ಹೆಣ್ಣಾಗಿಬಿಟ್ಟರೆ? ಇಷ್ಟು ಹಾಲು ಕುಡಿದು ಯಾರಿಗೆ ಮುಖ ತೋರಿಸುವುದು? ಆ ಮಾತನ್ನು ಮನೆಯಲ್ಲಿ ಬಾಯಿ ಬಿಟ್ಟು ಆಡುವಂತೆಯೂ ಇರಲಿಲ್ಲ.

"ಅದಕ್ಕೇನ ಆತು? ಹೊಸ್ತಿಲ ಹೊರಗ ಬಿಡು ಅದನ್ನ," ಎಂದಳು ಕಾಶವ್ವ. ಒಳಗೆ ನಾಲ್ಕು ಜೋಳದ ಕಾಳು ಚೆಲ್ಲಿ, ಕಣ್ಣು ಕಿರಿದು ಮಾಡಿ ಕಾದು ಕುಳಿತಳು. ಕೋಳಿ ಅತ್ತ ನೋಡಿತು, ಇತ್ತ ನೋಡಿತು, ಎರಡೂ ಕಾಲು ಕೂಡಿಸಿ ಟಣ್ಣನೆ ಒಳಗೆ ನೆಗೆಯಿತು.

"ಬಲಗಾಲು! ಗಂಡು!"

"ಅಯ್ಯೋ ದೇವರೇ, ಎರಡೂ ಒಟ್ಟಿಗೆ ಇಟ್ಟ ಹಾಗೆ ಕಂಡಿತಲ್ಲ?"

"ನಿನ್ನ ಕಣ್ಣಿಗೆ ಕಂಡಿರಬೇಕು. ಬಲಗಾಲು ಒಂದ ಕೂದಲೆಳಿ ಮುಂದಿತ್ತು. ನಾನೂರು ಹೆರಿಗಿ ಮಾಡಸೀನಿ, ನನಗ ಹೇಳಾಕ ಬಂದಿ?"

ರಾಜೀವಿಯ ಮುಖ ಸಪ್ಪಗಾಯಿತು. ಸೂಲಗಿತ್ತಿಯೇ ಹೇಳಿದ ಮೇಲೆ ಮುಗಿಯಿತಲ್ಲ. ತನ್ನ ಪಾಡಿಗೆ ಜೋಳ ಹೆಕ್ಕುತ್ತಿದ್ದ ಕೋಳಿಯನ್ನು ಎತ್ತಿಕೊಂಡು ಎರಡು ಹೆಜ್ಜೆ ಹೋಗಿದ್ದಳೋ ಇಲ್ಲವೋ, ಒಳಗೆ ಕೂತು ಎಲ್ಲ ನೋಡುತ್ತಿದ್ದ ಶೀಲಾವತಿಗೆ ತಡೆಯಲಾಗಲಿಲ್ಲ.

"ಅಕ್ಕಾರ, ತಡೀರಿ! ಅದು ಹೆಣ್ಣೈತ್ರಿ!"

ಅಂದ ಮೇಲೆ ಅವಳಿಗೇ ಗಾಬರಿ. ಅತ್ತೆಗೆ ಎದುರು ಮಾತು, ಅದೂ ನೆರೆಯವಳ ಮುಂದೆ! ಆದರೆ ಬೈಲಹೊಂಗಲದ ತವರಿನಲ್ಲಿ ಇಪ್ಪತ್ತು ಕೋಳಿಗಳ ನಡುವೆ ಬೆಳೆದವಳು, ಕಣ್ಣಾರೆ ಕಂಡದ್ದನ್ನು ನುಂಗಿಕೊಳ್ಳುವುದು ಹೇಗೆ? ಹೊಟ್ಟೆ ಹಿಡಿದು ಮೆಲ್ಲಗೆ ಎದ್ದು ಬಂದು, ಕೋಳಿಯ ಬಾಲದ ಬುಡದಲ್ಲಿ ಪುಕ್ಕ ಬಿಡಿಸಿ ತೋರಿಸಿದಳು. "ಇಲ್ಲಿ ನೋಡ್ರಿ. ಹುಂಜ ಆಗಿದ್ರ ಇಷ್ಟೊತ್ತಿಗೆ ಈ ಪುಕ್ಕ ಚೂಪಾಗಿ ಮಿಂಚತಿದ್ದೂ. ಇದರವು ದುಂಡಗ ಅದಾವ. ಜುಟ್ಟು ಕೆಂಪಗ ಏರಬೇಕಿತ್ತು. ಇನ್ನೂ ಸಣ್ಣದೈತಿ, ಬಣ್ಣಾನ ಇಲ್ಲ."

"ಏನಾಯ್ತು ಮಾರಾಯ್ತಿ? ಕತ್ತಿ ರೆಡಿ ಉಂಟು!" ಎಂದು ಆಚೆಯಿಂದ ರಾಜೀವಿಯ ಗಂಡ ಪೂವಪ್ಪ ಕೂಗಿದ.

ಕತ್ತಿ ಎಂದದ್ದೇ ತಡ, ಕಾಶವ್ವ ಬೆಚ್ಚಿದಳು. ಕೋಳಿಯನ್ನು ಹತ್ತಿರಕ್ಕೆ ಎಳೆದುಕೊಂಡು ಪುಕ್ಕವನ್ನು ಬೆರಳಲ್ಲಿ ಸವರಿ ನೋಡಿದಳು. ಆಮೇಲೆ, "ನನ್ನ ಸೊಸಿ ಅಂದದ್ದ ಖರೆ. ಹೆಣ್ಣ ಐತಿ. ಆ ಕತ್ತೀಲೆ ಬದನಿಕಾಯಿ ಹೆಚ್ಚಂತ ನಿನ್ನ ಗಂಡಗ ಹೇಳು, ಹೋಗು," ಎಂದಳು. ರಾಜೀವಿ ಕೋಳಿಯನ್ನು ಎದೆಗೊತ್ತಿಕೊಂಡು ನಗುನಗುತ್ತ ಓಡಿದಳು.

ಒಳಗೆ ಅತ್ತೆ ಸೊಸೆ ಇಬ್ಬರೇ ಉಳಿದರು.

"ಸಿಟ್ಟ ಬಂತೇನ್ರಿ ಅತ್ತಿ?"

"ಯಾಕ ಬರತೈತಿ? ಒಂದ ಜೀವ ಉಳೀತು. ತಪ್ಪು ನಂದ. ಗಂಡು ಗಂಡು ಅಂತ ಅಂದೂ ಅಂದೂ ನಾಲಿಗಿಗೆ ರೂಢಿ ಆಗಿಬಿಟ್ಟೈತಿ. ಕೋಳಿಗೆ ಗಂಡು ಅಂದ್ರ ಕತ್ತಿ ಬರತೈತಿ ಅನ್ನೂದ ನೆನಪಾಗಲಿಲ್ಲ ನೋಡು."

"ಹಂಗಾರ… ನನ್ನ ಹೊಟ್ಟ್ಯಾಗಿಂದು?"

"ಯಾರಿಗೆ ಗೊತ್ತವ್ವಾ? ನಾನೂರು ಬಸರೇರಿಗೂ ಒಂದ ಮಾತ ಹೇಳೀನಿ. ಎಡಗಾಲ ಇಟ್ಟಾಕಿಗೂ ಗಂಡು ಅಂದೀನಿ. ಹೆಣ್ಣು ಅಂದ್ರ ಮರುದಿನದಿಂದ ಆಕಿ ಗಂಗಾಳಕ್ಕ ತುಪ್ಪ ಬೀಳೂದಿಲ್ಲ. ಹೆಣ್ಣು ಹುಟ್ಟಿದ ಮ್ಯಾಲ ನನಗ ಬೈತಾರ. ಬೈಲಿ! ಅಷ್ಟೊತ್ತಿಗೆ ತಾಯಿ ಉಂಡಿರತಾಳ."

ಶೀಲಾವತಿ ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ಇಷ್ಟು ದಿನ ಹೊತ್ತ ಹೆದರಿಕೆಯೆಲ್ಲ ಒಂದೇ ಸಲ ಇಳಿದುಹೋಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು, "ಆದ್ರ ಅತ್ತಿ, ನಮ್ಮ ಮನ್ಯಾಗ ನೀವ ಹಿರೇರು. ಇಲ್ಲಿ ಯಾರಿಗೆ ಅಂಜಿ ಸುಳ್ಳ ಹೇಳಿದ್ರಿ?"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಕಾಶವ್ವ ಸೊಸೆಯ ಕಿವಿಯ ಹತ್ತಿರ ಬಾಗಿದಳು.

"ಬಂದ ನೋಡು ನನ್ನ ಮಗ, ಬಾಟ್ಲಿ ತಗೊಂಡು. ಬಾಯಿ ಮುಚ್ಚಿಕೊಂಡಿರು, ಇನ್ನೂ ಎರಡ ತಿಂಗಳ ಹಾಲೈತಿ."