ಅರ್ಧ ಕ್ಷೌರ

ಮನುಷ್ಯರ ಕೂದಲಿಗೂ ನೋವು ಹುಟ್ಟಿಕೊಂಡ ಮೇಲೆ ಕ್ಷೌರಕ್ಕೆ ಲೈಸೆನ್ಸ್ ಕಡ್ಡಾಯವಾಗಿತ್ತು. ಗದಗಿನ ತರಬೇತಿ ಶಾಲೆಯಲ್ಲಿ ಹುಲಿಗೆಮ್ಮನ ಕೈಚಳಕಕ್ಕೆ ಎಲ್ಲರೂ ತಲೆದೂಗುತ್ತಿದ್ದರು. ಕೊನೆಯ ಪರೀಕ್ಷೆಯ ದಿನ ಅವಳ ಕುರ್ಚಿಗೆ ಬಂದವಳು ಶಾಂತವ್ವನೆಂಬ ಮುದುಕಿ. ಗಾಳಿ ಬೀಸಿದರೂ ಜಡೆ ಉರಿಯುತ್ತದೆಂದು ತಲೆ ಬೋಳಿಸಿಕೊಳ್ಳಲು ತಾನೇ ಒಪ್ಪಿ ಬಂದಿದ್ದಳು.

ಕತ್ತರಿ ತಾಗಿದೊಡನೆ ಮುದುಕಿ ಚೀರಿದಳು. "ಬ್ಯಾಡವ್ವಾ, ನಿನ್ನ ಕಾಲಿಗೆ ಬೀಳ್ತೀನಿ, ಸಾಕು ಮಾಡು!"

ಹುಲಿಗೆಮ್ಮ ಹಲ್ಲು ಕಚ್ಚಿಕೊಂಡು ಅರ್ಧ ತಲೆ ಮುಗಿಸಿದಳು. ಆಮೇಲೆ ಆಗಲಿಲ್ಲ. ಕತ್ತರಿ ಕೆಳಗಿಟ್ಟು ಮುದುಕಿಯನ್ನು ತಬ್ಬಿಕೊಂಡು ತಾನೂ ಅತ್ತಳು.

"ನೀ ಫೇಲು," ಎಂದಳು ಪರೀಕ್ಷಕಿ. "ನಡುವ ಬಿಟ್ಟ ತಲಿ ಕೀವಾಗತೈತಿ. ಈಗ ನೀ ಕತ್ತರಿಸಿದ್ದನ್ನೂ ಸೇರಿಸಿ ಬ್ಯಾರೆಯವರು ಮೊದಲಿಂದ ಬೋಳಸಬೇಕು."

ಪಕ್ಕದ ಕುರ್ಚಿಯ ಅಭ್ಯರ್ಥಿ ಬಂದು ಕತ್ತರಿ ಎತ್ತಿಕೊಂಡ.

"ನಾನ ಮುಗಸ್ತೀನ್ರಿ ಮೇಡಂ, ಈ ಸಲ ನಿಲ್ಲಸೂದಿಲ್ಲ," ಎಂದು ಹುಲಿಗೆಮ್ಮ ಅಂಗಲಾಚಿದಳು. ಪರೀಕ್ಷಕಿ ಬಾಗಿಲು ತೋರಿಸಿದಳು.

ಅರ್ಧ ಬೋಳಾದ ತಲೆಯನ್ನು ಹೊರಳಿಸಿ ಶಾಂತವ್ವ ಹುಲಿಗೆಮ್ಮನನ್ನು ದಿಟ್ಟಿಸಿದಳು. ಆ ಕಣ್ಣಿನಲ್ಲಿ ಕೃತಜ್ಞತೆಯ ಸುಳಿವೂ ಇರಲಿಲ್ಲ.

"ನೋವು ನಂದಿತ್ತು. ನಿನಗೇನಾಗಿತ್ತ ಧಾಡಿ? ಮುಗಸಬಾರದಿತ್ತ?" ಎಂದವಳೇ ಕುರ್ಚಿಯ ಕೈಗಳನ್ನು ಮತ್ತೆ ಬಿಗಿಯಾಗಿ ಹಿಡಿದುಕೊಂಡಳು.