ಗುಡಾಣದೊಳಗಿನ ಹಾಡು

ಗುಡಾಣದೊಳಗೆ ಎತೇರಿಯ ಹಾಡು ನಿಂತುಹೋಯಿತು. ದ್ರಾಕ್ಷಾರಸ ತುಂಬುವ ಮುನ್ನ, ನೆಲದಲ್ಲಿ ಹೂತ ಆಳೆತ್ತರದ ಗುಡಾಣಕ್ಕಿಳಿದು ತಿಕ್ಕುವವರು ಹಾಡುತ್ತಲೇ ಇರಬೇಕು. ದನಿ ನಿಂತರೆ ಒಳಗೆ ಉಸಿರುಗಟ್ಟಿದೆ ಎಂದೇ ಅರ್ಥ. ಅವಳೋ, ಯಾವ ಕಾಲದ ಕುಂಬಾರನೋ ಹಸಿಮಣ್ಣಿನಲ್ಲಿ ಬಿಟ್ಟುಹೋದ ಅಂಗೈ ಗುರುತಿಗೆ ತನ್ನ ಅಂಗೈ ಒತ್ತಿ ಮೈಮರೆತಿದ್ದಳು.

“ಎತೇರಿ! ಯಾಕೇ ಸುಮ್ನಾದೆ?” ಮೇಲಿನಿಂದ ಅತ್ತೆ ಪೆಲಾಗಿಯಾ ಚೀರಿದಳು. ಗುಡಾಣದ ಬಾಯೊಳಗೆ ಮುದಿ ತೋಳೊಂದು ಇಳಿದು ತಡಕಾಡಿತು. “ಹಾಡು ನನ್ನವ್ವಾ! ದಿನಾ ನಿನ್ನ ಕಾಗೆ ಅಂತಿದ್ದೆನಲ್ಲ, ಕಾಗೆ ಥರಾನೇ ಹಾಡು!”

“ಇಲ್ಲೇ ಇದ್ದೀನಿ ಅತ್ತೆ. ನನ್ನ ಕಾಗೆ ದನಿಗೆ ದ್ರಾಕ್ಷಾರಸ ಹುಳಿಯಾದ್ರೆ ನನ್ನ ಬೈಬೇಡಿ ಮತ್ತೆ!”

“ಆದ್ರೆ ಆಗ್ಲಿ ಬಿಡೇ, ಹಾಳಾದೋಳೆ!”

ಎತೇರಿ ಆ ಕೈ ಹಿಡಿದು ಹಾಡತೊಡಗಿದಳು. ಎಂದೂ ಅವಳ ಜೊತೆ ಹಾಡದ ಅತ್ತೆ, ಕೈ ಬಿಡದೆಯೇ, ಮೇಲಿನಿಂದ ಎರಡನೆಯ ದನಿ ಸೇರಿಸಿದಳು.